ಜಾಯಿಂಟರ್ ಯಂತ್ರವನ್ನು ಜೋಡಿಸಿ ಹೊಂದಿಸುವ ಕ್ರಮ

ಹಲಗೆಯನ್ನು ಹೆರೆದು ನೇರಗೊಳಿಸುವ ಯಂತ್ರವಾದ ಜಾಯಿಂಟರ್ ತನ್ನಲ್ಲಿ ಎಷ್ಟು ನೇರವಿದೆಯೋ ಅಷ್ಟನ್ನೇ ಹಲಗೆಗೆ ಕೊಡಬಲ್ಲದು. ಅದರ ಎರಡು ಮೇಜುಗಳು ಒಂದಕ್ಕೊಂದು ಸಮಾಂತರವಾಗಿಲ್ಲದಿದ್ದರೆ, ಇಲ್ಲವೇ ಔಟ್‌ಫೀಡ್ ಮೇಜು (ಹೆರೆದ ಹಲಗೆ ಹೊರಬರುವ ಕಡೆಯದು) ಬ್ಲೇಡಿನ ಅಲಗಿಗಿಂತ ಕೂದಲೆಳೆಯಷ್ಟು ಏರುಪೇರಾಗಿದ್ದರೆ, ಎಷ್ಟೇ ಹರಿತವಾದ ಬ್ಲೇಡ್ ಹಾಕಿದರೂ ಅಂಚು ನೇರವಾಗುವುದಿಲ್ಲ. ಆದ್ದರಿಂದ ಜೋಡಣೆ ಬೇಗ ಮುಗಿದರೂ ಹೊಂದಾಣಿಕೆಗೆ ಅರ್ಧ ದಿನ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಸ್ಟ್ಯಾಂಡನ್ನು ಅಲುಗಾಡದಂತೆ ನಿಲ್ಲಿಸಿ, ರಸಮಟ್ಟ ಇಟ್ಟು ನೋಡಿ. ಯಂತ್ರವನ್ನು ಮೇಜಿನ ತುದಿ ಹಿಡಿದು ಎತ್ತಲೇಬಾರದು. ತಳಭಾಗವನ್ನು ಹಿಡಿದು ಕನಿಷ್ಠ ಇಬ್ಬರು ಎತ್ತಬೇಕು. ತುಕ್ಕು ಹಿಡಿಯದಿರಲೆಂದು ಬಳಿದಿರುವ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮೇಣ ಹಚ್ಚಿರಿ. ಮೋಟಾರಿನ ಪುಲ್ಲಿ ಮತ್ತು ಕಟ್ಟರ್ ಬ್ಲಾಕಿನ (ಬ್ಲೇಡುಗಳನ್ನು ಹೊತ್ತು ತಿರುಗುವ ಉರುಳೆಯ) ಪುಲ್ಲಿ ಒಂದೇ ಗೆರೆಯಲ್ಲಿವೆಯೇ ಎಂದು ನೇರಪಟ್ಟಿ ಇಟ್ಟು ನೋಡಿದ ಬಳಿಕವೇ ಬೆಲ್ಟನ್ನು ಬಿಗಿಗೊಳಿಸಬೇಕು. ಈ ಎಲ್ಲ ಕೆಲಸ ಮುಗಿಯುವವರೆಗೂ ಪ್ಲಗ್ ಕಳಚಿಯೇ ಇರಲಿ.

ಈಗ ಮೇಜುಗಳ ಸರದಿ. ಬ್ಲೇಡುಗಳು ಮೇಜಿನ ಮಟ್ಟಕ್ಕಿಂತ ಕೆಳಗೆ ಉಳಿಯುವಂತೆ ಬ್ಲಾಕನ್ನು ತಿರುಗಿಸಿ, ಇನ್‌ಫೀಡ್ ಮೇಜನ್ನು (ಹಲಗೆ ಒಳಹೋಗುವ ಕಡೆಯದನ್ನು) ಔಟ್‌ಫೀಡ್ ಮೇಜಿನ ಮಟ್ಟಕ್ಕೆ ಏರಿಸಿ, ಉದ್ದನೆಯ ಉಕ್ಕಿನ ನೇರಪಟ್ಟಿಯನ್ನು ಎರಡರ ಮೇಲೂ ಹಾಯಿಸಿ ಇಡಿ. ಎರಡೂ ಅಂಚಿನಲ್ಲಿ, ಆಮೇಲೆ ಮೂಲೆಯಿಂದ ಮೂಲೆಗೆ ಇಟ್ಟು, 0.1 ಮಿಮೀ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಎಲ್ಲಾದರೂ ನುಸುಳುತ್ತದೆಯೇ ಎಂದು ಪರೀಕ್ಷಿಸಿ. ಮೇಜಿನ ಹೊರತುದಿ ಜೋತುಬಿದ್ದಿದ್ದರೆ ಮೊದಲು ಗಿಬ್ ಸ್ಕ್ರೂಗಳನ್ನು (ಮೇಜು ಜಾರುವ ದಾರಿಯ ಸಡಿಲ ತೆಗೆಯುವ ಸ್ಕ್ರೂಗಳನ್ನು) ಸರಿಯಾಗಿ ಬಿಗಿದು ನೋಡಿ. ಅದರಿಂದ ಸರಿಹೋಗದಿದ್ದರೆ ಮೇಜು ಜಾರುವ ಇಳಿಜಾರಿನ ಕೆಳತುದಿಯಲ್ಲಿ ತೆಳುವಾದ ಲೋಹದ ಹಾಳೆ (ಶಿಮ್) ಕೊಡಬೇಕಾಗುತ್ತದೆ.

ಬ್ಲೇಡ್ ಹೊಂದಿಸಲು ಒಂದು ನೇರವಾದ ಮರದ ರೀಪು ಸಾಕು. ರೀಪನ್ನು ಔಟ್‌ಫೀಡ್ ಮೇಜಿನ ಮೇಲೆ, ಬ್ಲಾಕಿನ ಆಚೆಗೆ ಚಾಚುವಂತೆ ಇಟ್ಟು, ಮೇಜಿನ ತುಟಿಗೆ (ಬ್ಲಾಕಿನ ಕಡೆಯ ಅಂಚಿಗೆ) ಸರಿಯಾಗಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪುಲ್ಲಿಯನ್ನು ಹಿಡಿದು ಬ್ಲಾಕನ್ನು ಕೊರೆಯುವ ದಿಕ್ಕಿಗೆ ವಿರುದ್ಧವಾಗಿ ನಿಧಾನವಾಗಿ ತಿರುಗಿಸಿದರೆ ಅಲಗು ರೀಪನ್ನು ಸ್ವಲ್ಪ ಎಳೆದುಕೊಂಡು ಹೋಗಿ ಬಿಡುತ್ತದೆ. ಆಗ ಎರಡನೆಯ ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ 3 ಮಿಮೀ ಅಂತರ ಬಂದಿದ್ದರೆ, ಎಲ್ಲ ಬ್ಲೇಡುಗಳ ಎರಡೂ ತುದಿಗಳಲ್ಲಿ ಅಷ್ಟೇ ಬರಬೇಕು. ಬ್ಲೇಡನ್ನು ಹಿಡಿದಿರುವ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಿಗಿಯುವಾಗ ಬ್ಲೇಡ್ ಮೇಲೇಳುವುದುಂಟು, ಆದ್ದರಿಂದ ಕೊನೆಯಲ್ಲಿ ರೀಪಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಲೇಬೇಕು. ಸಡಿಲವಾಗಿ ಉಳಿದ ಒಂದು ಬೋಲ್ಟು ಸಹ ಪ್ರಾಣಾಪಾಯ ತರಬಲ್ಲದು.

ಗಾರ್ಡ್ ಕೂಡಿಸಿ, ಅದು ತಾನಾಗಿ ಹಿಂದಕ್ಕೆ ಬಂದು ಬ್ಲೇಡನ್ನು ಮುಚ್ಚುತ್ತದೆಯೇ ಎಂದು ನೋಡಿ. ಫೆನ್ಸನ್ನು (ಹಲಗೆಯನ್ನು ಒರಗಿಸಿ ಹಾಯಿಸುವ ನಿಲುವು ಪಟ್ಟಿಯನ್ನು) ಮೇಜಿಗೆ 90 ಡಿಗ್ರಿಗೆ ಹೊಂದಿಸುವಾಗ ಮೂಲೆಮಟ್ಟವನ್ನು ಬ್ಲಾಕಿನ ಹತ್ತಿರ ಔಟ್‌ಫೀಡ್ ಮೇಜಿನ ಮೇಲೆ ಇಡಬೇಕು.

ನಂತರ ಪ್ಲಗ್ ಹಾಕಿ, 1 ಮಿಮೀಗಿಂತ ಕಡಿಮೆ ಆಳವಿಟ್ಟು, 300 ಮಿಮೀಗಿಂತ ಸಾಕಷ್ಟು ಉದ್ದವಾದ ಹಲಗೆಯೊಂದನ್ನು ನಾರಿನ ದಿಕ್ಕು ನೋಡಿಕೊಂಡು ಹಾಯಿಸಿ. ಹಲಗೆಯ ಮುಂತುದಿ ಔಟ್‌ಫೀಡ್ ಮೇಜಿನ ತುಟಿಗೆ ತಗುಲಿ ನಿಂತರೆ ಆ ಮೇಜು ಎತ್ತರವಾಗಿದೆ. ಹಲಗೆಯ ಹಿಂತುದಿಯಲ್ಲಿ ಮಾತ್ರ ಸಣ್ಣ ತಗ್ಗು ಬಿದ್ದರೆ ಆ ಮೇಜು ತಗ್ಗಾಗಿದೆ. ಈ ಎತ್ತರ ಸರಿಹೋದ ಕೂಡಲೇ ಮೇಜನ್ನು ಬಿಗಿದುಬಿಡಿ. ಕೊರೆತದ ಆಳವನ್ನು ಇನ್ನು ಮುಂದೆ ಇನ್‌ಫೀಡ್ ಮೇಜಿನಿಂದಷ್ಟೇ ಬದಲಿಸಬೇಕು.

ಕೊನೆಯದಾಗಿ ಎರಡು ಹಲಗೆಗಳ ಅಂಚನ್ನು ಹಾಯಿಸಿ, ಅಂಚಿಗೆ ಅಂಚು ಕೂಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಮೇಜುಗಳ ಹೊರತುದಿಗಳು ಇನ್ನೂ ಜೋತಿವೆ, ಎರಡು ತುದಿಗಳಲ್ಲಿ ತೂರಿದರೆ ಅವು ಮೇಲೆದ್ದಿವೆ ಎಂದು ತಿಳಿದು, ಪ್ಲಗ್ ಕಳಚಿ, ಮತ್ತೆ ನೇರಪಟ್ಟಿಯನ್ನು ಕೈಗೆತ್ತಿಕೊಳ್ಳಿ.