ಹುಣ್ಣಿಮೆ ಅಮಾವಾಸ್ಯೆಯಿಂದ ‘ಸೆಲ್ಡಮ್’ ಕಲಿಸಿದ್ದು

‘ಹಿ ಸೆಲ್ಡಮ್ ಡಸ್ ನಾಟ್ ಕಮ್.’ ಟ್ಯೂಷನ್ ಶುರು ಮಾಡಿದಾಗಿನಿಂದ ಈ ವಾಕ್ಯ ತಿದ್ದುತ್ತಲೇ ಇದ್ದೆ. ‘ಸೆಲ್ಡಮ್’ ಅಂದರೇನೇ ಅಪರೂಪಕ್ಕೆ, ಜೊತೆಗೆ ‘ನಾಟ್’ ಬರಬಾರದು, ‘ಹಿ ಸೆಲ್ಡಮ್ ಕಮ್ಸ್’ ಅಂದರೆ ಸಾಕು. ಇಂಗ್ಲಿಷ್ ಕಲಿಸುವವರಿಗೆಲ್ಲ ಗೊತ್ತಿರುವ ತಪ್ಪು ಇದು. ಇದನ್ನು ಬಿಡಿಸಲು ನನಗೆ ಮೂರು ವರ್ಷ ಹಿಡಿಯಿತು.

ಮೊದಲು ಎಲ್ಲರ ಹಾಗೆ ಶೇಕಡಾವಾರು ಪಟ್ಟಿ ಮಾಡಿದೆ: ಆಲ್ವೇಸ್ 100, ಸಮ್‌ಟೈಮ್ಸ್ 50, ಸೆಲ್ಡಮ್ 10, ನೆವರ್ ಸೊನ್ನೆ. ಫ್ಲೆಕ್ಸ್ ಹಾಕಿಸಲು ಸುಮಾರು 700 ರೂಪಾಯಿ ಹೋಯಿತು. ಮಕ್ಕಳು ಅಂಕಿಗಳನ್ನು ಪಟಪಟ ಒಪ್ಪಿಸಿದರು, ಬರೆಯಲು ಕೂತರೆ ಮತ್ತೆ ‘ನಾಟ್’. ಆಮೇಲೆ ‘ಅಪರೂಪಕ್ಕೆ’ ಅಂತ ಅರ್ಥ ಬರೆಸಿ ಅಭ್ಯಾಸ ಹಾಳೆ ಹಂಚಿದೆ. ಜೆರಾಕ್ಸಿಗೆ ಇನ್ನೊಂದು ಮುನ್ನೂರು ಖರ್ಚಾಯಿತು, ಫಲ ಅಷ್ಟೇ. ಮಗುವಿನ ಮನಸ್ಸಿನಲ್ಲಿ ಓಡುತ್ತಿದ್ದದ್ದು ‘ಅವನು ಹೆಚ್ಚಾಗಿ ಬರಲ್ಲ’. ಕನ್ನಡದಲ್ಲಿ ಆ ‘ಇಲ್ಲ’ ಕ್ರಿಯಾಪದದಲ್ಲಿದೆ, ಇಂಗ್ಲಿಷಿನಲ್ಲಿ ಅದನ್ನು ‘ಸೆಲ್ಡಮ್’ ತಾನೇ ಹೊತ್ತಿದೆ.

ದಾರಿ ತೋರಿಸಿದ್ದು ಒಂಬತ್ತನೇ ತರಗತಿಯ ಹುಡುಗ. ತಡವಾಗಿ ಬಂದವನು, ‘ನಮ್ಮೂರಿಗೆ ಬಸ್ಸು ಹುಣ್ಣಿಮೆಗೋ ಅಮಾಸೆಗೋ ಬರೋದು ಮಿಸ್’ ಅಂದ. ಅದನ್ನೇ ಬೋರ್ಡಿನ ಮೇಲೆ ಬರೆದೆ. ‘ಬರೋದು’ ಅಳಿಸಿ ‘ಬರಲ್ಲ’ ಹಾಕಿದೆ. ತಕ್ಷಣ ಹಿಂದಿನ ಬೆಂಚು ಕೂಗಿತು, ‘ಹಂಗಾದ್ರೆ ಮಿಕ್ಕಿದ್ ದಿನ ಎಲ್ಲಾ ಬರುತ್ತೆ ಅಂತಾಯ್ತಲ್ಲ ಮಿಸ್!’ ಅಷ್ಟೇ ಬೇಕಿತ್ತು. ಆವತ್ತಿನಿಂದ ‘ಸೆಲ್ಡಮ್’ ಬಂದಲ್ಲೆಲ್ಲ ಮೊದಲು ಹುಣ್ಣಿಮೆ ಅಮಾಸೆ ಅಂದುಕೊಂಡೇ ಬರೆಯಬೇಕು.

ಪಕ್ಕದ ಬೀದಿಯಲ್ಲಿ ಟ್ಯೂಷನ್ ನಡೆಸುವ ಮೇಷ್ಟ್ರು, ‘ಅಮಾವಾಸ್ಯೆ ಹಿಡ್ಕೊಂಡು ಇಂಗ್ಲಿಷ್ ಬರುತ್ತೇನ್ರೀ?’ ಅಂದಿದ್ದರು. ಮೊದಲು ಹದಿನೆಂಟು ಮಕ್ಕಳಲ್ಲಿ ನಾಲ್ಕೈದು ಜನ ಸರಿ ಬರೆಯುತ್ತಿದ್ದರು, ತಿಂಗಳಾದ ಮೇಲೆ ಹದಿನೈದು ಜನ. ನನ್ನ ಕೈಯಲ್ಲೇ ಆಗಿದ್ದು ಇದು, ಹೆಮ್ಮೆಯಿಂದಲೇ ಹೇಳುತ್ತೇನೆ.

ಕ್ವೆಶ್ಚನ್ ಟ್ಯಾಗಿನಲ್ಲಿ, ಅಂದರೆ ವಾಕ್ಯದ ಕೊನೆಗೆ ಸೇರಿಸುವ ‘ಅಲ್ವಾ?’ ಥರದ ಪುಟ್ಟ ಪ್ರಶ್ನೆಯಲ್ಲಿ, ಮಾತ್ರ ಇದೇ ಉಪಾಯ ಕೈಕೊಟ್ಟಿತು. ‘ಹಿ ಸೆಲ್ಡಮ್ ಕಮ್ಸ್, ಡಸಂಟ್ ಹಿ?’ ಅಂತ ಬರೆದರು, ಬೇಕಾದದ್ದು ‘ಡಸ್ ಹಿ?’ ನಾಟ್ ಇಲ್ಲದಿದ್ದರೂ ವಾಕ್ಯ ಒಳಗೆ ನಕಾರವೇ. ಟ್ಯಾಗಿಗೆ ಮಾತ್ರ ‘ಬರೋದೇ ಇಲ್ಲ ಅನ್ನಬೇಕು’ ಅಂತ ಹೇಳಿಸಿದೆ, ಸರಿಹೋಯಿತು. ‘ಸೆಲ್ಡಮ್ ಆರ್ ಎವರ್’ ಅಂತ ಬರೆಯುವವರೂ ಇದ್ದಾರೆ, ‘ಸೆಲ್ಡಮ್ ಆರ್ ನೆವರ್’ ಅಥವಾ ‘ಸೆಲ್ಡಮ್ ಇಫ್ ಎವರ್’ ಆಗಬೇಕು. ಇದಕ್ಕೆ ಬಾಯಿಪಾಠ ಬಿಟ್ಟು ಬೇರೆ ದಾರಿ ನನಗೆ ಸಿಕ್ಕಿಲ್ಲ.

ಉತ್ಸಾಹದಲ್ಲಿ ‘ಹಾರ್ಡ್ಲಿ’ಗೂ ಪ್ರಯತ್ನಿಸಿದೆ. ‘ಹಿ ಹಾರ್ಡ್ಲಿ ಸ್ಟಡೀಸ್’ ಅಂದರೆ ಕಷ್ಟಪಟ್ಟು ಓದುತ್ತಾನೆ ಅಂತ ಅರ್ಧ ತರಗತಿ ನಂಬಿತ್ತು, ನಿಜವಾದ ಅರ್ಥ ‘ಓದೋದೇ ಇಲ್ಲ ಅನ್ನುವಷ್ಟು ಕಡಿಮೆ’. ‘ಹಾರ್ಡ್ಲಿ ಎವರ್’ಗೆ ಅಮಾವಾಸ್ಯೆ ಹೊಂದುತ್ತದೆ, ಬರೀ ‘ಹಾರ್ಡ್ಲಿ’ಗೆ ಹೊಂದುವುದಿಲ್ಲ. ಜರ್ಮನ್ ಕಲಿಯುತ್ತಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿನ ‘ಸೆಲ್ಟನ್’ಗೂ ಹುಣ್ಣಿಮೆ ಅಮಾವಾಸ್ಯೆಯನ್ನೇ ಬಳಸುತ್ತಾಳಂತೆ. ‘ಸೆಲ್ಡಮ್’, ‘ಸೆಲ್ಟನ್’ ಎರಡೂ ಒಂದೇ ಬೇರಿನ ಪದಗಳು, ಕೇಳಿ ಖುಷಿಯಾಯಿತು.

ಮೊದಲ ದಿನ ಬೋರ್ಡಿನ ಮೇಲೆ ಬರೆಯುವ ಹತ್ತು ವಾಕ್ಯಗಳಿವೆ, ಅವುಗಳ ಅನುಕ್ರಮದಲ್ಲೇ ಅರ್ಧ ಕೆಲಸ ಆಗುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬೇಸಿಗೆ ಬ್ಯಾಚ್ ಏಪ್ರಿಲ್‌ನಲ್ಲಿ ಶುರು, ಫೀಸು ತಿಂಗಳಿಗೆ 400.