ಕರಾವಳಿಯ ವರ್ಕ್‌ಶಾಪಿಗೆ ಕ್ಯಾಲಿಪರ್ ಆರಿಸುವ ಬಗೆ

ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಾಗಲಿ, ಮಲ್ಪೆ ಬಂದರಿನ ಆಸುಪಾಸಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಶೆಡ್ಡಿನಲ್ಲಾಗಲಿ, ಹೊಸ ಕ್ಯಾಲಿಪರ್ (ವಸ್ತುವನ್ನು ಎರಡು ದವಡೆಗಳ ನಡುವೆ ಹಿಡಿದು ಅಳೆಯುವ, ಜಾರುವ ಸ್ಕೇಲಿನ ಉಪಕರಣ) ಕೊಳ್ಳಹೊರಟವರು ಮೊದಲು ಬೆಲೆಯನ್ನೂ ಆಮೇಲೆ ಪರದೆಯ ಮೇಲೆ ದಶಮಾಂಶ ಬಿಂದುವಿನ ಬಳಿಕ ಎಷ್ಟು ಅಂಕೆ ಮೂಡುತ್ತದೆ ಎಂಬುದನ್ನೂ ನೋಡುತ್ತಾರೆ. ದಾರಿ ತಪ್ಪಿಸುವುದು ಈ ಎರಡನೆಯದು. ಡಿಜಿಟಲ್ ಕ್ಯಾಲಿಪರ್ 0.01 ಮಿ.ಮೀ. ತನಕ ಓದಿ ಹೇಳಬಹುದು. ಆದರೆ ಒಳ್ಳೆಯ ಹೆಸರಿರುವ ತಯಾರಕರು ಕೂಡ ತಮ್ಮ 150 ಮಿ.ಮೀ. ಕ್ಯಾಲಿಪರಿಗೆ ಸಾಮಾನ್ಯವಾಗಿ ಹೇಳಿಕೊಳ್ಳುವ ನಿಖರತೆ ±0.02 ಮಿ.ಮೀ. ಮಾತ್ರ. ಅಗ್ಗದ ಉಪಕರಣದ ಪರದೆಯಲ್ಲೂ ಅಷ್ಟೇ ಅಂಕೆಗಳು ಮೂಡುತ್ತವೆ, ಆದರೆ ಅವುಗಳ ಹಿಂದೆ ಅಂಥ ಭರವಸೆ ಇರುವುದಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ನಮ್ಮ ಕೆಲಸ ಎಷ್ಟು ಸೂಕ್ಷ್ಮತೆಯನ್ನು ಕೇಳುತ್ತದೆ ಎಂದು ಗೊತ್ತುಮಾಡಿಕೊಳ್ಳಬೇಕು. ಪಂಪು, ಮೋಟರುಗಳಲ್ಲಿ ಸಾಮಾನ್ಯವಾದ 6205 ಬೇರಿಂಗನ್ನೇ ತೆಗೆದುಕೊಳ್ಳಿ. ಅದು ಕೂರುವ 25 ಮಿ.ಮೀ. ಶಾಫ್ಟಿಗೆ ನಕ್ಷೆಯಲ್ಲಿ ಕೆ6 ಫಿಟ್ (ಶಾಫ್ಟಿನ ಅಳತೆಯ ಮಿತಿ ಹೇಳುವ ಗುರುತು) ಎಂದು ಬರೆದಿದ್ದರೆ, ಶಾಫ್ಟಿನ ವ್ಯಾಸ 25.002ರಿಂದ 25.015 ಮಿ.ಮೀ. ಒಳಗೆ ಇರಬೇಕು, ಅಂದರೆ ನಮಗಿರುವ ಅವಕಾಶ ಕೇವಲ 0.013 ಮಿ.ಮೀ. ಇಲ್ಲಿ ಯಾವ ಕ್ಯಾಲಿಪರೂ ತೀರ್ಪು ಹೇಳಲಾರದು, ತಿರುಪು ತಿರುಗಿಸಿ ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರೇ ಬೇಕು. ಆದರೆ ತಗಡಿನ ದಪ್ಪ, ಕೀವೇಯ (ಶಾಫ್ಟಿನಲ್ಲಿ ಕೀ ಕೂರಿಸಲು ಕೊರೆದ ಗಾಡಿ) ಅಗಲ, ಶಾಫ್ಟಿನ ಮೆಟ್ಟಿಲಿನ ಉದ್ದ, ಗ್ರೈಂಡಿಂಗಿಗೆ ಒಂದಿಷ್ಟು ಬಿಟ್ಟು ಲೇತಿನಲ್ಲಿ ಇಳಿಸುವ ವ್ಯಾಸ ಇವುಗಳಿಗೆಲ್ಲ ಒಳ್ಳೆಯ ಕ್ಯಾಲಿಪರ್ ಧಾರಾಳವಾಗಿ ಸಾಕು. ಬೇರಿಂಗಿನ ಕೆಲಸವೇ ಹೆಚ್ಚಾಗಿರುವವರು ದುಬಾರಿ ಡಿಜಿಟಲ್ ಕ್ಯಾಲಿಪರಿನ ಬದಲು ಮಧ್ಯಮ ಬೆಲೆಯ ವರ್ನಿಯರ್ (ಎರಡು ಸ್ಕೇಲುಗಳ ಗೆರೆ ಹೊಂದುವುದನ್ನು ನೋಡಿ ಓದುವ ಕ್ಯಾಲಿಪರ್) ಒಂದನ್ನೂ 0–25 ಮತ್ತು 25–50 ಮಿ.ಮೀ. ಮೈಕ್ರೋಮೀಟರುಗಳನ್ನೂ ಕೊಳ್ಳುವುದು ಲೇಸು.

ವರ್ನಿಯರ್, ಡಯಲ್, ಡಿಜಿಟಲ್ ಎಂಬ ಮೂರು ಬಗೆಗಳಲ್ಲಿ ಮೊದಲ ಉಪಕರಣವಾಗಿ ನಾನು ಸೂಚಿಸುವುದು 0.02 ಮಿ.ಮೀ. ಲೀಸ್ಟ್ ಕೌಂಟಿನ (ಓದಬಹುದಾದ ಅತಿ ಸಣ್ಣ ಅಳತೆಯ) ವರ್ನಿಯರನ್ನೇ. ಮುಖ್ಯ ಸ್ಕೇಲಿನ 49 ಮಿ.ಮೀ. ಉದ್ದವನ್ನು ಜಾರುವ ಸ್ಕೇಲಿನಲ್ಲಿ 50 ಭಾಗ ಮಾಡಿರುವುದರಿಂದ ಈ ಲೀಸ್ಟ್ ಕೌಂಟ್ ಬರುತ್ತದೆ. ಸೆಲ್ಲಿನ ಹಂಗಿಲ್ಲ, ಕೂಲಂಟ್ (ಲೋಹ ಕೊರೆಯುವಾಗ ತಂಪಿಗೆ ಸುರಿಸುವ ದ್ರವ) ಬಿದ್ದರೆ ಒರೆಸಿದರಾಯಿತು. ಕೊಳ್ಳುವಾಗ ಗೆರೆಗಳು ಸಪೂರವಾಗಿ, ಅಂಚು ಒಡೆಯದೆ ಇವೆಯೇ, ಮೇಲ್ಮೈ ಕಣ್ಣಿಗೆ ಹೊಳಪು ಹೊಡೆಯದಂತೆ ಮಂಕಾದ ಕ್ರೋಮಿನದೇ ಎಂದು ನೋಡಬೇಕು. ಎರಡು ಸ್ಕೇಲುಗಳೂ ಒಂದೇ ಮಟ್ಟದಲ್ಲಿರುವ ಮಾದರಿ ಸಿಕ್ಕಿದರೆ ಓರೆಯಾಗಿ ನೋಡಿದಾಗ ಓದು ತಪ್ಪುವ ತೊಂದರೆಯೂ ಕಡಿಮೆ. ಡಯಲ್ ಕ್ಯಾಲಿಪರ್ ಓದಲು ಸುಲಭವೇನೋ ಹೌದು, ಆದರೆ ಅದರ ಸಣ್ಣ ಹಲ್ಲುಪಟ್ಟಿಗೆ ಒಂದು ಕಬ್ಬಿಣದ ಚೂರು ಹೊಕ್ಕರೆ ಮುಳ್ಳು ಜಿಗಿದು ಸೊನ್ನೆ ತಪ್ಪುತ್ತದೆ. ಲೇತಿನ ಮಗ್ಗುಲಲ್ಲಿ ಅದನ್ನು ಇಡಲು ನನಗೆ ಧೈರ್ಯವಿಲ್ಲ.

ಡಿಜಿಟಲ್ ಬೇಕೇ ಬೇಕು ಎನ್ನುವವರಿಗೆ ನಮ್ಮೂರಿನಲ್ಲಿ ಹೆಚ್ಚು ಎಚ್ಚರ ಬೇಕು. ಅಗ್ಗದ ಮಾದರಿಗಳಲ್ಲಿ ಸ್ಥಾನವನ್ನು ಗುರುತಿಸುವುದು ಕೆಪಾಸಿಟಿವ್ ಸೆನ್ಸರ್, ಅದರ ಪಟ್ಟಿಯ ಮೇಲೆ ನೀರಿನ ಅಥವಾ ಕೂಲಂಟಿನ ತೆಳು ಪದರ ಕೂತರೂ ಅಂಕೆಗಳು ಅಡ್ಡಾದಿಡ್ಡಿ ಓಡುತ್ತವೆ. ಮಂಗಳೂರು, ಉಡುಪಿಗಳ ಮಳೆಗಾಲದಲ್ಲಿ ಗೋಡೆಯೇ ಬೆವರುವಾಗ ಇದು ದಿನನಿತ್ಯದ ಕಿರಿಕಿರಿಯಾಗುತ್ತದೆ. ಐಪಿ67 (ದೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ) ಎಂದು ನಮೂದಿಸಿದ, ವಿದ್ಯುತ್ಕಾಂತೀಯ ಇಂಡಕ್ಷನ್ ತತ್ವದ ಮಾದರಿಗೆ ಬೆಲೆ ಹೆಚ್ಚಾದರೂ ಒದ್ದೆ ಕೆಲಸಕ್ಕೆ ಅದೇ ತಕ್ಕುದು. ಸೆಲ್ ಬದಲಿಸುವಾಗ ಎಲ್‌ಆರ್44ರ ಬದಲು ಎಸ್‌ಆರ್44 ಹಾಕಬೇಕು. ಎರಡೂ ಒಂದೇ ಗಾತ್ರದವು, ಆದರೆ ಸಿಲ್ವರ್ ಆಕ್ಸೈಡಿನ ಎಸ್‌ಆರ್44 ಮುಗಿಯುವ ತನಕವೂ ವೋಲ್ಟೇಜನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೊಡುತ್ತದೆ, ಆಲ್ಕಲೈನಿನದು ಮೆಲ್ಲಮೆಲ್ಲನೆ ಇಳಿಯುತ್ತದೆ.

ಲೋಹದ ವಿಷಯದಲ್ಲಿ ರಾಜಿ ಬೇಡ. ಕಡಲ ಉಪ್ಪುಗಾಳಿಗೆ ಕಾರ್ಬನ್ ಸ್ಟೀಲಿನ ಉಪಕರಣ ಒಂದೇ ಮಳೆಗಾಲದಲ್ಲಿ ತುಕ್ಕಿನ ಚುಕ್ಕೆ ಹಿಡಿಯಬಲ್ಲದು, ಆ ಚುಕ್ಕೆ ದವಡೆಯ ಅಳತೆ ಮುಖದ ಮೇಲೆ ಬಿದ್ದರೆ ಉಪಕರಣ ಕೆಟ್ಟಂತೆಯೇ. ಹದಗೊಳಿಸಿ ಗಡಸು ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಬೇಕು, ಕೊಂಡ ಮೇಲೂ ದಿನದ ಕೊನೆಯಲ್ಲಿ ಕೈಬೆವರು ಒರೆಸಿ ತೆಳುವಾಗಿ ಎಣ್ಣೆ ಸವರಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಪೆಟ್ಟಿಗೆಯ ಒಳಗಿನ ಸ್ಪಂಜು ತೇವ ಹಿಡಿದಿಡುವುದಾದರೆ ಅದನ್ನು ಕಿತ್ತೆಸೆಯುವುದೇ ಒಳ್ಳೆಯದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗೆ ಕಾಲು ಗಂಟೆ ಸಾಕು, ಅದಕ್ಕೂ ಬಿಡದ ಅಂಗಡಿಯಲ್ಲಿ ಕೊಳ್ಳುವುದು ಬೇಡ. ದವಡೆಗಳನ್ನು ಬಟ್ಟೆಯಿಂದ ಒರೆಸಿ, ಮುಚ್ಚಿ, ಬೆಳಕಿಗೆ ಹಿಡಿಯಿರಿ: ಹೊರ ದವಡೆಗಳ ನಡುವೆ ಬೆಳಕಿನ ಗೆರೆ ಕಂಡರೆ, ಅದರಲ್ಲೂ ಬುಡದಲ್ಲಿ ಮುಚ್ಚಿ ತುದಿಯಲ್ಲಿ ಬಿಟ್ಟುಕೊಂಡಿದ್ದರೆ, ಅದನ್ನು ಅಲ್ಲೇ ಬಿಡಬೇಕು. ಸೊನ್ನೆ ನೋಡಿ, ದವಡೆಯನ್ನು ಪೂರ್ತಿ ಬಿಚ್ಚಿ ಮತ್ತೆ ಮುಚ್ಚುವುದನ್ನು ಕೆಲವು ಸಲ ಮಾಡಿದಾಗಲೂ ಸೊನ್ನೆ ಅಲ್ಲಿಗೇ ಬರಬೇಕು. ಸ್ಲೈಡ್ ಉದ್ದಕ್ಕೂ ಒಂದೇ ಬಿಗಿಯಲ್ಲಿ ಜಾರಬೇಕು, ಎಲ್ಲೂ ತಡೆಯಬಾರದು, ಅಲುಗಾಡಲೂಬಾರದು.

ಆಮೇಲೆ ಜೇಬಿನಲ್ಲಿ ಒಯ್ದ ಹೊಸ 6205 ಬೇರಿಂಗನ್ನು ಹೊರತೆಗೆಯಿರಿ. ಅದರ ಹೊರವ್ಯಾಸ 52 ಮಿ.ಮೀ., ಸಾಮಾನ್ಯ ದರ್ಜೆಯಲ್ಲೂ ಅದು ಕಡಿಮೆಯಾಗಲು ಇರುವ ಅವಕಾಶ 0.013 ಮಿ.ಮೀ. ಮಾತ್ರ, ಒಳವ್ಯಾಸ 25, ಅಲ್ಲಿ 0.010 ಮಿ.ಮೀ. ಅಂದರೆ ಕ್ಯಾಲಿಪರಿಗಿಂತ ನಿಖರವಾದ ವಸ್ತುವೊಂದು ಅಗ್ಗದಲ್ಲಿ ಕೈಗೆ ಸಿಕ್ಕಿದಂತಾಯಿತು. ಹೊರವ್ಯಾಸವನ್ನು ಒಮ್ಮೆ ದವಡೆಯ ಬುಡದಲ್ಲಿ, ಒಮ್ಮೆ ತುದಿಯಲ್ಲಿ ಹಿಡಿದು ಅಳೆಯಿರಿ. ಅಳೆಯುವ ಜಾಗವೂ ಸ್ಕೇಲೂ ಒಂದೇ ಗೆರೆಯಲ್ಲಿಲ್ಲದಿರುವುದು ಎಲ್ಲ ಕ್ಯಾಲಿಪರುಗಳ ಹುಟ್ಟು ದೌರ್ಬಲ್ಯ. ಸ್ಲೈಡ್ ಸಡಿಲವಿದ್ದರೆ ತುದಿಯ ಓದು ಬುಡದ ಓದಿಗಿಂತ ಬೇರೆಯಾಗಿ ಅದು ಕೂಡಲೇ ಬಯಲಾಗುತ್ತದೆ. ಒಳ ದವಡೆಗಳಿಂದ 25 ಬರುತ್ತದೆಯೇ ಎಂದೂ ನೋಡಬೇಕು, ಏಕೆಂದರೆ ಕಳಪೆ ಮಾಲಿನ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಉದ್ದದ ಆಸೆಗೆ 300 ಮಿ.ಮೀ. ಕೊಂಡು ಎಲ್ಲದಕ್ಕೂ ಅದನ್ನೇ ಬಳಸುವುದು ಸರಿಯಲ್ಲ. ಉದ್ದ ಹೆಚ್ಚಾದಂತೆ ಅನುಮತಿಸಿದ ದೋಷವೂ ಹೆಚ್ಚುತ್ತದೆ. ಸಣ್ಣ ವರ್ಕ್‌ಶಾಪಿನ ಬಹುಪಾಲು ಕೆಲಸ 150ರಲ್ಲಿ ಮುಗಿಯುತ್ತದೆ.

ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದವು ಎಂಬುದೂ ನೆನಪಿರಲಿ. ಶೆಡ್ಡಿನಲ್ಲಿ 33 ಡಿಗ್ರಿ ಇದ್ದರೆ ಸ್ಟೀಲಿನ ಕ್ಯಾಲಿಪರೂ ಸ್ಟೀಲಿನ ಕೆಲಸವೂ ಸುಮಾರು ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಚಿಂತೆಯಿಲ್ಲ, ಆದರೆ 100 ಮಿ.ಮೀ. ಅಲ್ಯೂಮಿನಿಯಮ್ ತುಂಡು ಸುಮಾರು 0.015 ಮಿ.ಮೀ. ಹೆಚ್ಚು ತೋರಿಸುತ್ತದೆ. ಲೇತಿನಿಂದ ಆಗತಾನೇ ಬಿಸಿಬಿಸಿ ಇಳಿಸಿದ ಶಾಫ್ಟಿನ ಮೇಲೆ ಎಷ್ಟು ದುಬಾರಿ ಕ್ಯಾಲಿಪರ್ ಇಟ್ಟರೂ ಸರಿಯಾದ ವ್ಯಾಸ ಸಿಗುವುದಿಲ್ಲ.

ಹೆಸರಾಂತ ಬ್ರ್ಯಾಂಡುಗಳ ನಕಲಿ ಮಾಲು ಮಾರುಕಟ್ಟೆಯಲ್ಲಿ ಇರುವುದರಿಂದ ಅಧಿಕೃತ ಡೀಲರಿನಿಂದ ಬಿಲ್ಲಿನೊಡನೆ ಕೊಂಡು, ಸರ್ಟಿಫಿಕೇಟಿನ ಕ್ರಮಸಂಖ್ಯೆ ಉಪಕರಣದ ಮೇಲಿನದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ವರ್ನಿಯರಿಗೆ ಐಎಸ್ 3651 ಭಾರತೀಯ ಮಾನಕ. ಕಂಪನಿಗಳಿಗೆ ಬಿಡಿಭಾಗ ಪೂರೈಸುವವರಿಂದ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯುಳ್ಳ ಪ್ರಯೋಗಾಲಯದ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಎಂದು ತಾಳೆ ನೋಡಿದ) ವರದಿಯನ್ನು ಗ್ರಾಹಕರು ಕೇಳುವುದುಂಟು. ಹಾಗೆ ಕೇಳದಿದ್ದರೂ 10, 50, 100 ಮಿ.ಮೀ. ಸ್ಲಿಪ್ ಗೇಜುಗಳನ್ನು (ನಿಖರ ಅಳತೆಗೆ ಮಾಡಿದ ಗಟ್ಟಿ ತುಂಡುಗಳನ್ನು) ಕೊಂಡಿಟ್ಟು ಆಗಾಗ ಈ ಮೂರೂ ಕಡೆ ಪರೀಕ್ಷಿಸುತ್ತಿದ್ದರೆ, ಸೊನ್ನೆಯಲ್ಲಿ ಸರಿಯಿದ್ದು ನಡುವೆ ತಪ್ಪು ಹೇಳುವ ಕ್ಯಾಲಿಪರ್ ಸಿಕ್ಕಿಬೀಳುತ್ತದೆ.