ದಮ್ಮು ಕಟ್ಟುವವರನ್ನು ನಾನು ಪರೀಕ್ಷಿಸುವುದು ಹೀಗೆ

ಉಡುಪಿಯಲ್ಲಿ ಮಳೆ ಹಿಡಿಯಿತೆಂದರೆ ನನ್ನ ಕ್ಲಿನಿಕ್ಕಿಗೆ ಕೆಮ್ಮಿನವರೇ ಜಾಸ್ತಿ ಬರುತ್ತಾರೆ. ಎಲ್ಲರಿಗೂ ಅಸ್ತಮಾ ಇರುವುದಿಲ್ಲ. ಇರುವವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಕೆಮ್ಮಿನ ಸಿರಪ್ ಕುಡಿದೇ ಬಂದಿರುತ್ತಾರೆ. ಅದನ್ನು ಕೇಳಿದಾಗ ನನಗೆ ತುಂಬಾ ಸಂಕಟವಾಗುತ್ತದೆ.

ಅಸ್ತಮಾ ಬಂದು ಹೋಗುವ ಕಾಯಿಲೆ. ಶ್ವಾಸನಾಳದ ಒಳಗೋಡೆ ಊದಿಕೊಂಡಿರುತ್ತದೆ. ಹೊಗೆಯೋ ಧೂಳೋ ಕೆಣಕಿದರೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಗಾಳಿ ಹೊರಗೆ ಹೋಗುವ ದಾರಿ ಕಿರಿದಾಗುತ್ತದೆ. ನಡುರಾತ್ರಿ ಎದ್ದು ಕೂತು ಒದ್ದಾಡಿದವರು ಮಧ್ಯಾಹ್ನ ನನ್ನೆದುರು ಕೂತಾಗ ಎದೆಯಲ್ಲಿ ಸುಯ್ ಎನ್ನುವ ಸದ್ದೇ ಇರುವುದಿಲ್ಲ. ಎಕ್ಸ್‌ರೇ ಕೂಡ ಸಾಮಾನ್ಯವಾಗಿ ಸರಿಯೇ ಇರುತ್ತದೆ. ಹಾಗಾಗಿ ಸ್ಟೆತಸ್ಕೋಪ್ ಇಡುವ ಮೊದಲು ನಾನು ತುಂಬಾ ಕೇಳುತ್ತೇನೆ.

"ಯಾವ ಹೊತ್ತಿಗೆ ಜಾಸ್ತಿ ಅಕ್ಕ? ಹಾಸಿಗೆ ಕೊಡವುವಾಗ ಬರ್ತದಾ? ಬಚ್ಚಲ ಒಲೆಗೆ ಬೆಂಕಿ ಹಾಕುವಾಗ?" ಗೋಡೆಗೆ ಬೂಷ್ಟು ಹಿಡಿದಿದೆಯಾ ಎಂದೂ ಕೇಳುತ್ತೇನೆ. ನಮ್ಮ ಕರಾವಳಿಯ ತೇವಕ್ಕೆ ಬೂಷ್ಟೂ ಹಾಸಿಗೆಯ ಧೂಳುಹುಳವೂ ಚೆನ್ನಾಗಿ ಬೆಳೆಯುತ್ತವೆ. ಗೇರುಬೀಜದ ಕಾರ್ಖಾನೆಗೆ ಹೋಗುವವರು, ಬೀಡಿ ಕಟ್ಟುವವರು ಬಂದರೆ ಇನ್ನೊಂದು ಪ್ರಶ್ನೆ: "ರಜೆಯ ದಿನ ಹೇಗಿರ್ತದೆ?" ಆರಾಮ ಇರ್ತದೆ ಅಂದರೆ ಕೆಲಸದ ಜಾಗದ ಮೇಲೆ ನನಗೆ ಅನುಮಾನ.

ಆಮೇಲೆ ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ. ಎದೆ ತುಂಬ ಉಸಿರೆಳೆದು, ಒಂದೇ ಪಟ್ಟಿಗೆ ಜೋರಾಗಿ, ಖಾಲಿಯಾಗುವವರೆಗೆ ಊದಬೇಕು. ಮೊದಲು ನಾನೇ ಊದಿ ತೋರಿಸುತ್ತೇನೆ. ಅರೆಮನಸ್ಸಿನಿಂದ ಊದಿದರೆ ಆ ಅಂಕಿಗೆ ಬೆಲೆಯಿಲ್ಲ. ಒಂದು ಸಲ ಊದಿಸಿ, ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಮದ್ದನ್ನು 400 ಮೈಕ್ರೋಗ್ರಾಂನಷ್ಟು ಸ್ಪೇಸರ್‌ನಲ್ಲಿ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತೇನೆ. ದೊಡ್ಡವರಲ್ಲಿ ಮೊದಲ ಸೆಕೆಂಡಿಗೆ ಹೊರಬರುವ ಗಾಳಿ ಮದ್ದಿಗೆ ಮುಂಚಿನದಕ್ಕೆ ಹೋಲಿಸಿದರೆ ಶೇಕಡ 12ಕ್ಕಿಂತಲೂ 200 ಮಿಲಿಲೀಟರ್‌ಗಿಂತಲೂ ಹೆಚ್ಚಾದರೆ ಅಸ್ತಮಾ ಎನ್ನಲು ಒಳ್ಳೆಯ ಆಧಾರ. ಹೆಚ್ಚಾಗಲಿಲ್ಲ ಅಂದ ಮಾತ್ರಕ್ಕೆ ಅಸ್ತಮಾ ಇಲ್ಲ ಅಂತಲ್ಲ. ಆ ಹೊತ್ತಿಗೆ ನಾಳ ಬಿಗಿದಿರಲಿಕ್ಕಿಲ್ಲ, ಅಲ್ವಾ?

ಅಂಥವರಿಗೆ ಪೀಕ್ ಫ್ಲೋ ಮೀಟರ್, ಅಂದರೆ ಊದುವ ವೇಗ ಅಳೆಯುವ ಸಾಧನ ಕೊಟ್ಟು ಕಳಿಸುತ್ತೇನೆ. ಎರಡು ವಾರ ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಊದಿ, ದೊಡ್ಡ ಅಂಕಿಯನ್ನು ಬರೆದಿಡಬೇಕು. ದಿನದೊಳಗಿನ ಏರಿಳಿತ ಸರಾಸರಿ ಶೇಕಡ 10 ದಾಟಿದರೆ ದೊಡ್ಡವರಲ್ಲಿ ಅದು ಜಾಸ್ತಿಯೇ. ಅಗ್ಗದ ಪ್ಲಾಸ್ಟಿಕ್ ಸಾಧನ. ಆದರೆ ನಾನು ನೋಡಲಾಗದ ಹೊತ್ತನ್ನು ಅದು ನನಗೆ ತೋರಿಸುತ್ತದೆ.

ನಮ್ಮ ಕಡೆ ಮರೆಯಲೇಬಾರದ ಇನ್ನೊಂದಿದೆ. ಕರಾವಳಿಯಲ್ಲಿ ಆನೆಕಾಲು ರೋಗದ ಹುಳ ಮೊದಲಿನಿಂದಲೂ ಇತ್ತು. ಆ ಹುಳಕ್ಕೆ ದೇಹ ಸಿಡಿದೆದ್ದಾಗಲೂ ಕೆಲವರಿಗೆ ರಾತ್ರಿ ಕೆಮ್ಮು, ಉಬ್ಬಸ, ಎದೆಯಲ್ಲಿ ಸುಯ್ ಸದ್ದು, ಎಲ್ಲ ಅಸ್ತಮಾದ ಹಾಗೆಯೇ ಇರುತ್ತದೆ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಒಂದು ಮೈಕ್ರೋಲೀಟರಿಗೆ 3,000 ದಾಟಿದ್ದರೆ ನಾನು ಅಲ್ಲೇ ನಿಂತು ಯೋಚಿಸುತ್ತೇನೆ. ಅದಕ್ಕೆ ಮದ್ದೇ ಬೇರೆ, ಆ ಹುಳಕ್ಕೆ ಕೊಡುವ ಡಿಇಸಿ ಮಾತ್ರೆ. ಬರೀ ಇನ್ಹೇಲರ್ ಕೊಟ್ಟರೆ ಮೂಲ ಕಾಯಿಲೆ ಹಾಗೇ ಉಳಿಯುತ್ತದೆ. ವಯಸ್ಸಾದವರಾದರೆ ಹೃದಯವನ್ನೂ ನೋಡಬೇಕು, ಬೀಡಿ ಸೇದುವವರಾದರೆ ಸಿಒಪಿಡಿ ಎಂಬ, ಶ್ವಾಸನಾಳ ಕಿರಿದಾಗಿಯೇ ಉಳಿಯುವ ಕಾಯಿಲೆಯನ್ನೂ.

ಪರೀಕ್ಷೆಯ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಇನ್ಹೇಲರ್ ಶುರುವಾಗಿ ಉಸಿರು ಸರಿಯಾದ ಮೇಲೆ ಊದಿಸಿದರೆ ಅಂಕಿ ಚೆನ್ನಾಗಿಯೇ ಬರುತ್ತದೆ. ಆಗ ಬೇರೆ ಊರಿನ ಡಾಕ್ಟರಿಗೆ ಅಸ್ತಮಾ ಇತ್ತೆಂದು ತೋರಿಸಲು ಆ ಹಳೆಯ ಚೀಟಿಯೇ ಬೇಕು.